ಕೆಂಪು ಗುಡಾರವೂ ಊರಾಚೆಯ ಗುಡಿಸಲೂ

ಪುರಾತನ ಗ್ರಂಥಗಳಲ್ಲಿ ಹೆಸರು ಉಳಿದು ಮಾತು ಉಳಿಯದ ಹೆಣ್ಣುಗಳು ಅನೇಕರು. ಬೈಬಲ್ಲಿನ ದೀನಾ ಅಂಥವರಲ್ಲೊಬ್ಬಳು. ಯಾಕೋಬನಿಗೆ ಲೇಯಳಲ್ಲಿ ಹುಟ್ಟಿದ ಮಗಳೀಕೆ. ಆ ನಾಡಿನ ಹೆಣ್ಣುಮಕ್ಕಳನ್ನು ಕಂಡುಬರಲು ಹೊರಟ ಈಕೆಯನ್ನು ಅಲ್ಲಿಯ ಒಡೆಯನ ಮಗ ಶೆಕೆಮನು ಕೆಡಿಸಿದನೆಂದೂ, ಅಣ್ಣಂದಿರಾದ ಸಿಮೆಯೋನ, ಲೇವಿ ಇಬ್ಬರೂ ಆ ಊರಿನ ಗಂಡಸರನ್ನೆಲ್ಲ ಕತ್ತಿಗೆ ಬಲಿಗೊಟ್ಟರೆಂದೂ ಆದಿಕಾಂಡದ 34ನೆಯ ಅಧ್ಯಾಯ ಹೇಳುತ್ತದೆ. ಇಷ್ಟೆಲ್ಲ ನಡೆದರೂ ದೀನಾಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

ಆ ಮೌನಕ್ಕೆ ಮಾತು ಕೊಟ್ಟವರು ಅಮೆರಿಕದ ಲೇಖಕಿ ಅನಿತಾ ಡಯಮಂಟ್. 1997ರಲ್ಲಿ ಪ್ರಕಟವಾದ ಅವರ ‘ದಿ ರೆಡ್ ಟೆಂಟ್’ ಕಾದಂಬರಿಯಲ್ಲಿ ದೀನಾ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಯಾಕೋಬನ ನಾಲ್ವರು ಮಡದಿಯರೂ ಅವಳಿಗೆ ತಾಯಂದಿರೇ. ಮುಟ್ಟಿನ ದಿನಗಳಲ್ಲಿ, ಹೆರಿಗೆಯ ಕಾಲದಲ್ಲಿ ಅವರೆಲ್ಲ ಕಲೆಯುವ ತಾಣವೇ ಆ ಕೆಂಪು ಗುಡಾರ. ಅಲ್ಲಿ ದುಡಿಮೆಗೆ ಬಿಡುವುಂಟು, ಹಾಡುಂಟು, ಹಿರಿಯರ ಕಥೆಯುಂಟು. ಹೊಸದರಲ್ಲಿ ಹೆಚ್ಚಿನ ಪ್ರಚಾರ ಕಾಣದಿದ್ದ ಈ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಪ್ರಸಿದ್ಧಿಗೆ ತಂದವರಲ್ಲಿ, ಒಂದೇ ಕೃತಿಯನ್ನೋದಿ ಒಂದೆಡೆ ಕುಳಿತು ಚರ್ಚಿಸುವ ವಾಚನ ಗೋಷ್ಠಿಗಳ ಪಾಲು ದೊಡ್ಡದು.

ಗುಡಾರವೇನೋ ಲೇಖಕಿಯ ಕಲ್ಪನೆ. ಬೈಬಲ್ಲಿನಲ್ಲಿ ಅದರ ಪ್ರಸ್ತಾಪವಿಲ್ಲ. ಅಲ್ಲಿರುವುದು ಯಾಜಕಕಾಂಡದ 15ನೆಯ ಅಧ್ಯಾಯ ವಿಧಿಸುವ 7 ದಿನಗಳ ಮೈಲಿಗೆ ಮಾತ್ರ.

ಕಡೂರು, ತರೀಕೆರೆ, ಅಜ್ಜಂಪುರಗಳ ಮಹಿಳೆಯರು ಇಂಥ ಗೋಷ್ಠಿಯೊಂದರಲ್ಲಿ ಕಲೆತರೆ, ಚರ್ಚೆಯ ವಿಷಯವನ್ನು ದೂರದ ಕಾನಾನ್ ದೇಶದಲ್ಲಿ ಅರಸಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಈ ಬಯಲುಸೀಮೆಯಲ್ಲೂ, ನೆರೆಯ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗೊಲ್ಲರಹಟ್ಟಿಗಳಿವೆ. ಹಟ್ಟಿಯ ದೇವರಿಗೆ ಮೈಲಿಗೆಯಾಗಬಾರದೆಂದು ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇರಿಸುವುದು ಕಾಡುಗೊಲ್ಲರಲ್ಲಿ ಬಹುಕಾಲದಿಂದ ಬಂದ ಸಂಪ್ರದಾಯ. ಬಿಸಿಲು ಮಳೆಗಳಿಂದ ಇವರನ್ನು ಕಾಯಲೆಂದು ಸರ್ಕಾರವು ಹಲವು ಹಟ್ಟಿಗಳಲ್ಲಿ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತು. ಸೂರು ದೊರೆತುದೇನೋ ನಿಜ, ಹೊರಗಿರುವುದು ತಪ್ಪಿತೇ?

2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಗುಡಿಸಲಿನಲ್ಲಿರಿಸಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ಅಸುನೀಗಿತು. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತದಿಂದ ಊರ ಹೊರಗಿಡುವುದನ್ನು ರಾಜ್ಯದ ಶಾಸನಸಭೆ 2017ರಲ್ಲಿ ಅಂಗೀಕರಿಸಿದ, 2020ರಲ್ಲಿ ಜಾರಿಗೆ ಬಂದ ಅಮಾನವೀಯ ಆಚರಣೆಗಳ ತಡೆ ಕಾಯಿದೆಯು ಅಪರಾಧವೆಂದೇ ಸಾರಿದೆ. ಕಾಯಿದೆ ಹಟ್ಟಿಯ ಬಾಗಿಲವರೆಗೆ ಬರಬಲ್ಲುದು. ಮನಸ್ಸಿನ ಒಳಗೆ ಹೊಗಲು ಮಾತೇ ಬೇಕು.

ಇದು ಹಟ್ಟಿಯವರ ಸಂಗತಿಯೆಂದು ಪಟ್ಟಣದ ಗೃಹಿಣಿಯರು ದೂರ ಸರಿಯುವಂತಿಲ್ಲ. ಮೂರು ದಿನ ‘ಹೊರಗೆ ಕೂರುವ’ ಪದ್ಧತಿ ಅನೇಕರ ತಾಯಿ, ಅಜ್ಜಿಯರ ಮನೆಗಳಲ್ಲಿಯೂ ಇದ್ದುದೇ. ಒಲೆಯ ಮುಂದೆ ಬೇಯುವುದು ತಪ್ಪಿದ ಆ ಮೂರು ದಿನಗಳೇ ತಮಗೆ ವಿಶ್ರಾಂತಿಯೆಂದ ಹಿರಿಯರೂ ಉಂಟು. ಅವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಬಿಡುವು ಸಿಗಬೇಕಾದರೆ ಮೈಲಿಗೆಯಾಗಲೇಬೇಕೆಂಬುದು ಎಂಥ ನ್ಯಾಯ!

ಮಡಿಯ ಇನ್ನೊಂದು ಮುಖವನ್ನು ಕನ್ನಡಿಗರಿಗೆ ತೋರಿದವರು ಎಂ. ಕೆ. ಇಂದಿರಾ. 1976ರ ಅವರ ‘ಫಣಿಯಮ್ಮ’ ಕಾದಂಬರಿಯ ಬಾಲವಿಧವೆ ಬಾಳೆಲ್ಲ ಮಡಿಯಲ್ಲಿ ಸವೆದವಳು. ಆದರೂ ದಲಿತ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ಕೈ ನೀಡಲು ಹಿಂಜರಿಯುವುದಿಲ್ಲ. ಎರಡು ಪ್ರಾಣಗಳ ಮುಂದೆ ಮಡಿ ಆಕೆಗೆ ದೊಡ್ಡದಾಗಿ ಕಾಣಲಿಲ್ಲ.

ಈ ಎರಡು ಕಾದಂಬರಿಗಳನ್ನು ಒಟ್ಟಿಗೆ ಓದುವ ಗೋಷ್ಠಿಯು ಕೇಳಬೇಕಾದ ಪ್ರಶ್ನೆಗಳು ಎರಡೇ. ಅಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿದವರು ಯಾರು? ಮಳೆ ಬಂದಾಗ ಅವಳು ಮನೆಯೊಳಕ್ಕೆ ಬರಬಹುದೇ? ಉತ್ತರ ಹೆಣ್ಣಿನ ಕೈಯಲ್ಲಿದ್ದರೆ ಅದು ಗುಡಾರ. ಇಲ್ಲದಿದ್ದರೆ ಬರಿಯ ಬಹಿಷ್ಕಾರ.