ಬಂದರಿನ ಬ್ರಿಟಿಷರು: ಮಂಗಳೂರಿನಲ್ಲಿ ನೆಲೆಸಿದರು, ಕೊಪ್ಪಳದಲ್ಲಿ ಏಕೆ ನೆಲೆಸಲಿಲ್ಲ?

ಕರಾವಳಿಯಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಗೆ ಸೇವೆಗೆ ಹೋಗುವ ಧರ್ಮಗುರುಗಳಿಗೂ ಧರ್ಮಭಗಿನಿಯರಿಗೂ ಒಂದು ವ್ಯತ್ಯಾಸ ಕಾಣುತ್ತದೆ. ಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಚರ್ಚು, ಬಂಗಲೆ, ಸಮಾಧಿಗಳಿವೆ. ಆ ನಾಲ್ಕು ತಾಲೂಕುಗಳಲ್ಲಿ ಅಂತಹ ನೆಲೆ ಬೆಳೆಯಲಿಲ್ಲ. ಕಾರಣ ತಿಳಿದರೆ ನಮ್ಮ ಚರ್ಚಿನ ಚರಿತ್ರೆಯೂ ಇನ್ನಷ್ಟು ಸ್ಪಷ್ಟವಾಗುತ್ತದೆ.

ಒಂದೇ ವರ್ಷ ಬಂದ ಇಬ್ಬರು

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1784ರಲ್ಲಿ ಸೆರೆಯಾಗಿ ಹೋಗಿದ್ದ ಕರಾವಳಿಯ ಕಥೋಲಿಕರಲ್ಲಿ ಬದುಕುಳಿದವರು ಊರಿಗೆ ಮರಳತೊಡಗಿದ್ದೂ ಆಗಲೇ. ಕಂಪನಿಯ ಕಲೆಕ್ಟರ್ ಆಗಿ ಬಂದವರು ಥಾಮಸ್ ಮನ್ರೋ. ಹೀಗೆ ಹೊಸ ಅಧಿಕಾರಿಗಳು ಮತ್ತು ಮನೆಮಠ ಕಳೆದುಕೊಂಡ ನಮ್ಮ ಹಿರಿಯರು ಒಟ್ಟಿಗೇ ಬದುಕು ಆರಂಭಿಸಿದರು. ನೆಲಸಮವಾಗಿದ್ದ ರೊಜಾರಿಯೊ ಇಗರ್ಜಿ 1813ರಲ್ಲಿ ಮತ್ತೆ ಎದ್ದು ನಿಂತಿತು. ಮುಂದೆ ಸರಕಾರಿ ಕಚೇರಿಗಳಲ್ಲಿ, ವ್ಯಾಪಾರ ಸಂಸ್ಥೆಗಳಲ್ಲಿ ಅನೇಕ ಕಥೋಲಿಕರಿಗೆ ಕೆಲಸ ಸಿಕ್ಕಿತು.

ಮನ್ರೋ ಅವರಿಗೆ ಕರಾವಳಿ ಹಿಡಿಸಲಿಲ್ಲ. ಬಿಡದೆ ಸುರಿಯುವ ಮಳೆಯ ಬಗ್ಗೆ ಪತ್ರಗಳಲ್ಲಿ ದೂರಿಕೊಂಡರು. 1800ರಲ್ಲೇ ಬಳ್ಳಾರಿ ಸೀಮೆಗೆ ವರ್ಗವಾಗಿ ಹೋದರು.

ಬಂದರಿನ ಬದುಕು

ಉಳಿದವರ ಬದುಕೂ ಸುಲಭದ್ದಾಗಿರಲಿಲ್ಲ. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು. ಹಡಗು ಬಾರದೆ ಕಾಗದವೂ ತಡವಾಗುತ್ತಿತ್ತು. ಗಾಳಿ ಬೀಸುವ ಗುಡ್ಡಗಳ ಮೇಲೆ ಬಂಗಲೆ ಕಟ್ಟಿಕೊಂಡರು. ಕಲೆಕ್ಟರ್, ನ್ಯಾಯಾಧೀಶ, ವೈದ್ಯ, ಸೇನಾಧಿಕಾರಿಗಳು, ಕೆಲವು ವರ್ತಕರು, ಇಷ್ಟೇ ಅವರ ಸಮಾಜ. ಜ್ವರ, ಕಾಲರಾಗಳಿಗೆ ಅವರ ಹೆಂಗಸರು, ಮಕ್ಕಳೂ ಬಲಿಯಾಗುತ್ತಿದ್ದರು. ಬಂಗಾಳದಲ್ಲಿ ಕಂಪನಿಯ ಸೇನಾಧಿಪತಿಯಾಗಿದ್ದ ಜಾನ್ ಕಾರ್ನಾಕ್, 1779ರಲ್ಲಿ ವಡಗಾಂವ್‌ನಲ್ಲಿ ಮರಾಠರ ಎದುರು ಸೋತು ಕೆಲಸ ಕಳೆದುಕೊಂಡು, ಕೊನೆಗೆ ಮಂಗಳೂರಿನಲ್ಲಿ ತೀರಿಕೊಂಡರು.

ಜನ ಅವರನ್ನು ಸುಮ್ಮನೆ ಒಪ್ಪಿಕೊಂಡಿರಲಿಲ್ಲ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಬಂದ ರೈತರು ಮಂಗಳೂರನ್ನು ವಶಪಡಿಸಿಕೊಂಡು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಬ್ರಿಟಿಷ್ ಅಧಿಕಾರಿಗಳು ಕಣ್ಣೂರಿಗೆ ಓಡಿದರು. ಹದಿಮೂರು ದಿನಗಳ ಬಳಿಕ ಸೇನೆ ಮರಳಿತು, ಅನೇಕರನ್ನು ಗಲ್ಲಿಗೇರಿಸಲಾಯಿತು. 1843ರಲ್ಲಿ ಬ್ರಿಟಿಷರಿಗಾಗಿ ಸಂತ ಪೌಲರ ಆಂಗ್ಲಿಕನ್ ಚರ್ಚು ಸಿದ್ಧವಾಯಿತು. ಮುಂದೆ ಕೊಡಗು, ಚಿಕ್ಕಮಗಳೂರಿನ ಕಾಫಿ ಇಳಿದು ಬಂದು ಪಿಯರ್ಸ್ ಲೆಸ್ಲಿಯಂತಹ ಸಂಸ್ಥೆಗಳ ಮೂಲಕ ಹಡಗೇರಿತು. 1907ರಲ್ಲಿ ರೈಲು ಬಂತು.

ತುಂಗಭದ್ರೆಯ ಆಚೆ

ಕೊಪ್ಪಳದ ಕಥೆ ಬೇರೆ. 1790-91ರಲ್ಲಿ ಕಂಪನಿ ಮತ್ತು ನಿಜಾಮರ ಸೈನ್ಯಗಳು ಕೂಡಿ ಟಿಪ್ಪುವಿನ ಕೈಯಲ್ಲಿದ್ದ ಕೊಪ್ಪಳ ಕೋಟೆಯನ್ನು ಮುತ್ತಿದವು. 1858ರಲ್ಲಿ ಮುಂಡರಗಿ ಭೀಮರಾಯರ ಬಂಡಾಯವನ್ನು ಅಡಗಿಸಲು ಬ್ರಿಟಿಷ್ ಸೇನೆ ಮತ್ತೆ ಅಲ್ಲಿಗೆ ಬಂತು. ಎರಡು ಸಲವೂ ಬಂದದ್ದು ಸೈನ್ಯ, ಸಂಸಾರವಲ್ಲ. ತುಂಗಭದ್ರೆಯ ದಕ್ಷಿಣಕ್ಕೆ ಬ್ರಿಟಿಷರ ಬಳ್ಳಾರಿ, ಉತ್ತರಕ್ಕೆ ನಿಜಾಮರ ಸೀಮೆ. ಕೊಪ್ಪಳ ಸಾಲಾರ್ ಜಂಗರ ಜಹಗೀರಾಗಿತ್ತು. ಬಂದರೂ ಇಲ್ಲ, ಕಲೆಕ್ಟರ್ ಕಚೇರಿಯೂ ಇಲ್ಲ.

ನಿಜಾಮರ ಸೀಮೆಯಲ್ಲಿ ಬಾಳಿದ ಬ್ರಿಟಿಷರು ಹೆಚ್ಚಾಗಿ ಒಂಟಿ ಅಧಿಕಾರಿಗಳು. ಲಿವರ್‌ಪೂಲ್ ಬಂದರಿನಲ್ಲಿ ಹುಟ್ಟಿದ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿದ್ದರು. 1844ರಲ್ಲಿ ಪತ್ನಿ ಮೇರಿ ತೀರಿಕೊಂಡ ಮೇಲೆ ಅವರಿಗೆ ಆಡಳಿತದ ಕೆಲಸ, ಬರವಣಿಗೆ, ಪ್ರಾಚೀನ ಕಲ್ಗೋರಿಗಳ ಶೋಧನೆಯೇ ಜೊತೆಯಾದವು.

ಬಳ್ಳಾರಿಯ ದಂಡಿನಲ್ಲಿ ಐರಿಶ್ ಕಥೋಲಿಕ ಸೈನಿಕರಿದ್ದುದರಿಂದ ಅವರಿಗಾಗಿ ಧರ್ಮಗುರುಗಳು ಬಂದರು. ಅಲ್ಲಿಂದ ಬೆಳೆದ ಮಿಷನ್ 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯವಾಯಿತು. ಕೊಪ್ಪಳ ಜಿಲ್ಲೆ ಇಂದು ಅದರ ವ್ಯಾಪ್ತಿಯಲ್ಲಿದೆ. ಹಾಗಾಗಿ ಕೊಪ್ಪಳದ ವಿಶ್ವಾಸಿಗಳ ಬೇರು ಬ್ರಿಟಿಷ್ ಬಂಗಲೆಗಳಲ್ಲಿ ಇಲ್ಲ. ನದಿ ದಾಟಿ ಬಂದ ಧರ್ಮಪ್ರಚಾರದಲ್ಲಿದೆ.

ನಮ್ಮ ಹೊಣೆ

ನವೆಂಬರ್ ತಿಂಗಳಲ್ಲಿ ನಾವು ನಮ್ಮವರ ಸಮಾಧಿಗಳಿಗೆ ಹೂವು, ಮೊಂಬತ್ತಿ ಇಡುತ್ತೇವೆ. ಪಕ್ಕದಲ್ಲೇ ಕೇಳುವವರಿಲ್ಲದ ಪರದೇಶಿಯ ಕಲ್ಲೊಂದು ಇರಬಹುದು. ಆಳಿದವರೆಂದು ಅವರನ್ನು ಹೊಗಳಬೇಕಿಲ್ಲ, ಗಲ್ಲಿಗೇರಿದ ರೈತರನ್ನು ಮರೆಯಲೂಬಾರದು. ಆದರೆ ಮೂರು ವರ್ಷದ ಮಗುವನ್ನು ಮಣ್ಣು ಮಾಡಿದ ತಾಯಿಯ ದುಃಖಕ್ಕೆ ದೇಶವಿಲ್ಲ.

ಮಳೆಗೆ ಅಕ್ಷರಗಳು ಅಳಿಯುತ್ತಿವೆ. ಧರ್ಮಕೇಂದ್ರಗಳ ಯುವಜನರು ಇಂತಹ ಕಲ್ಲುಗಳ ಫೋಟೋ ತೆಗೆದು, ಹೆಸರು ಮತ್ತು ವರ್ಷ ಬರೆದಿಟ್ಟುಕೊಳ್ಳಬಹುದು. ಕಲ್ಲನ್ನು ಆ್ಯಸಿಡ್ ಅಥವಾ ತಂತಿ ಬ್ರಷ್‌ನಿಂದ ಉಜ್ಜಬಾರದು. ನೀರು ಮತ್ತು ಮೆತ್ತಗಿನ ಬ್ರಷ್ ಸಾಕು. ದೀಕ್ಷಾಸ್ನಾನ, ಮರಣಗಳ ಹಳೆಯ ದಾಖಲೆ ಪುಸ್ತಕಗಳನ್ನು ತೇವವಿಲ್ಲದ ಕಡೆ ಇಟ್ಟು, ಅವುಗಳ ಪ್ರತಿ ಮಾಡಿಸುವುದೂ ಅಗತ್ಯ. ಸತ್ತವರಿಗಾಗಿ ಪ್ರಾರ್ಥಿಸುವುದು ದಯೆಯ ಕಾರ್ಯವೆಂದು ಧರ್ಮಸಭೆ ಕಲಿಸುತ್ತದೆ. ಅವರ ಹೆಸರನ್ನು ಉಳಿಸಿಕೊಡುವುದೂ ಅದರದೇ ಭಾಗ.