ಪರೇಲ್ ಹೇಳುವ ಪಾಠ: ಕೊಡುವುದೂ ಒಂದು ಪಿತ್ರಾರ್ಜಿತ

ಊರಿನಿಂದ ಯಾರಾದರೂ ಕ್ಯಾನ್ಸರ್ ಚಿಕಿತ್ಸೆಗೆ ಮುಂಬಯಿಗೆ ಹೊರಟರೆ ಇಲ್ಲಿರುವ ಕನ್ನಡಿಗರ ಮನೆಗೆ ಒಂದು ಫೋನ್ ಬಂದೇ ಬರುತ್ತದೆ. "ಟಾಟಾ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರವಾ?" ನಮ್ಮಲ್ಲಿ ಹೆಚ್ಚಿನವರಿಗೆ ಪರೇಲ್ ಪರಿಚಯವಾಗಿದ್ದು ಹೀಗೆಯೇ. ಒಪಿಡಿಯ ಸಾಲು, ಕೈಯಲ್ಲಿ ಫೈಲು, ಹೊರಗೆ ಫುಟ್‌ಪಾತಿನ ಮೇಲೆ ಚಾಪೆ ಹಾಸಿಕೊಂಡ ಕುಟುಂಬಗಳು. ಆ ಗಡಿಬಿಡಿಯಲ್ಲಿ ಆಸ್ಪತ್ರೆಗಳ ಬೋರ್ಡನ್ನು ನಿಂತು ಓದುವವರು ಕಡಿಮೆ. ಓದಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಪರೇಲ್‌ನ ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಹುಟ್ಟಿದ್ದು ಯಾವುದೋ ಮನೆಯ ಅಪ್ಪ, ಅಮ್ಮ ಅಥವಾ ಹೆಂಡತಿಯ ನೆನಪಿನಲ್ಲಿ.

ನವರೋಸ್‌ಜಿ ವಾಡಿಯಾ ಹೆರಿಗೆ ಆಸ್ಪತ್ರೆ ಶುರುವಾದದ್ದು 1926ರಲ್ಲಿ, ಪಕ್ಕದ ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ 1929ರಲ್ಲಿ. ಮೊದಲನೆಯದು ಅಪ್ಪನ ಹೆಸರು, ಎರಡನೆಯದು ಅಮ್ಮನ ಹೆಸರು. ಕಟ್ಟಿಸಿದವರು ಮಕ್ಕಳಾದ ಸರ್ ನೆಸ್ ಮತ್ತು ಸರ್ ಕುಸ್ರೊ ವಾಡಿಯಾ. ಆದರೆ ಕಥೆ ಈ ಮಕ್ಕಳಿಂದ ಶುರುವಾಗುವುದಿಲ್ಲ. ಗಂಡ ತೀರಿಕೊಂಡ ಮೇಲೆ ಜೆರ್‌ಬಾಯಿ, ಬಾಡಿಗೆ ಕೊಡಲಾಗದ ಬಡ ಪಾರ್ಸಿ ಕುಟುಂಬಗಳಿಗಾಗಿ ಪರೇಲ್ ಪಕ್ಕದ ಲಾಲ್‌ಬಾಗ್‌ನಲ್ಲಿ ನವರೋಜ್ ಬಾಗ್ ಕಟ್ಟಿಸಿದ್ದರು. ಮಕ್ಕಳು ಅಮ್ಮ ಕೊಡುವುದನ್ನು ಕಣ್ಣಾರೆ ಕಂಡಿದ್ದರು. ಹಾಗೆಂದು ಅವರು ಅಮ್ಮನ ಕೆಲಸವನ್ನು ಮುಂದುವರಿಸುವುದಕ್ಕಷ್ಟೇ ನಿಲ್ಲಲಿಲ್ಲ. ಅಮ್ಮ ಮನೆ ಕಟ್ಟಿಸಿದರೆ ಅವರು ಆಸ್ಪತ್ರೆಯನ್ನೂ ಕಟ್ಟಿಸಿದರು. ಗಿರಣಿ ಕಾರ್ಮಿಕರ ಈ ಬಡಾವಣೆಯಲ್ಲಿ ಹೆರಿಗೆಗೂ ಕೂಸಿಗೂ ಏನು ಬೇಕೆಂದು ಗಿರಣಿ ನಡೆಸುವ ಮನೆಯವರಿಗೆ ಗೊತ್ತಿತ್ತು.

ಅಲ್ಲೇ ಸ್ವಲ್ಪ ದೂರದಲ್ಲಿ ಪ್ರಾಣಿಗಳ ಆಸ್ಪತ್ರೆಯಿದೆ. ಹಳಬರ ಬಾಯಲ್ಲಿ ಅದು 'ಬೈಲ್ ಘೋಡಾ ಆಸ್ಪತ್ರೆ', ಅಂದರೆ ಎತ್ತು-ಕುದುರೆಗಳ ಆಸ್ಪತ್ರೆ. ನಿಜ ಹೆಸರು ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ. ಗಿರಣಿ ಮಾಲೀಕ ದಿನ್‌ಶಾ ಮಾಣಿಕ್‌ಜಿ ಪೆಟಿಟ್ 1880ರ ದಶಕದಲ್ಲಿ ಹೆಂಡತಿಯ ಹೆಸರಿನಲ್ಲಿ ಮಾಡಿದ್ದು. ಇನ್ನು ಕೆಇಎಂ ಆಸ್ಪತ್ರೆಗೆ ಸೇರಿದ ಮೆಡಿಕಲ್ ಕಾಲೇಜಿಗೆ ಸೇಠ್ ಗೋರ್ಧನ್‌ದಾಸ್ ಸುಂದರ್‌ದಾಸ್ ಅವರ ಹೆಸರಿದೆ. ಅವರ ಆಸ್ತಿಯ ಟ್ರಸ್ಟಿಗಳು ಹಣದ ಜೊತೆ ಒಂದು ಷರತ್ತನ್ನೂ ಇಟ್ಟಿದ್ದರು. ಕಲಿಸುವ ವೈದ್ಯರು ಭಾರತೀಯರೇ ಆಗಿರಬೇಕು. ಬ್ರಿಟಿಷರ ಕಾಲದಲ್ಲಿ ಅದು ಸಣ್ಣ ಮಾತಲ್ಲ. ದಾನಿ ಹೋದ ಮೇಲೂ ದಾನದ ಉದ್ದೇಶವನ್ನು ಕಾಯುವವರು ಬೇಕು ಎನ್ನುವುದಕ್ಕೆ ಇದೊಂದು ಉದಾಹರಣೆ.

ಬೆಂಗಳೂರಿಗೆ ಬಂದ ಮುಂಬಯಿಯ ಆಸ್ತಿ

ಟಾಟಾ ಮನೆತನದ ಕಥೆಯ ಒಂದು ತುದಿ ನಮ್ಮ ಬೆಂಗಳೂರಿನಲ್ಲೇ ಇದೆ. ಜೆಮ್‌ಶೆಟ್‌ಜಿ ಟಾಟಾ ಉನ್ನತ ವಿಜ್ಞಾನ ಸಂಸ್ಥೆಯೊಂದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಮುಂಬಯಿಯ ಆಸ್ತಿಯನ್ನು ಕೊಡುವುದಾಗಿ ಮಾತು ಕೊಟ್ಟರು. ಅದು ಕಣ್ಣೆದುರು ಆಗುವ ಮೊದಲೇ 1904ರಲ್ಲಿ ತೀರಿಕೊಂಡರು. ಮಕ್ಕಳಾದ ದೊರಾಬ್‌ಜಿ ಮತ್ತು ರತನ್ ಟಾಟಾ ಅಪ್ಪನ ಮಾತನ್ನು ಉಳಿಸಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಹೀಗೆ 1909ರಲ್ಲಿ ಹುಟ್ಟಿದ್ದು ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನವರು ಇಂದಿಗೂ ಅದನ್ನು 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವುದು ಇದೇ ಕಾರಣಕ್ಕೆ. ಹೊಟ್ಟೆಪಾಡಿಗಾಗಿ ಕನ್ನಡಿಗರು ಮುಂಬಯಿಗೆ ಬರುತ್ತಿದ್ದ ಕಾಲದಲ್ಲೇ ಮುಂಬಯಿಯ ಹಣ ಹೀಗೆ ಕನ್ನಡ ನಾಡಿಗೆ ಬಂದಿತ್ತು.

ಅದೇ ದೊರಾಬ್‌ಜಿಯ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ಗೆ ಬಲಿಯಾದರು. ಮರುವರ್ಷ ದೊರಾಬ್‌ಜಿಯೂ ಹೋದರು. ಅಷ್ಟರಲ್ಲಿ ತಮ್ಮ ಸಂಪತ್ತನ್ನು ಟ್ರಸ್ಟಿಗೆ ಬರೆದಿಟ್ಟಿದ್ದರು. ಪತ್ನಿಗೆ ತಂದುಕೊಟ್ಟಿದ್ದ 245 ಕ್ಯಾರೆಟ್ಟಿನ ಜ್ಯುಬಿಲಿ ವಜ್ರವೂ ಅದರಲ್ಲಿ ಸೇರಿತ್ತು. ಆ ಟ್ರಸ್ಟ್ ಕಟ್ಟಿದ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರ ಫೆಬ್ರವರಿಯಲ್ಲಿ ಪರೇಲ್‌ನಲ್ಲಿ ಬಾಗಿಲು ತೆರೆಯಿತು. 1957ರಲ್ಲಿ ಕೇಂದ್ರ ಸರ್ಕಾರ ಅದನ್ನು ವಹಿಸಿಕೊಂಡಿತು, 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿತು.

ಗಮನಿಸಿ, ದೊರಾಬ್‌ಜಿ ದಂಪತಿಗೆ ಮಕ್ಕಳಿರಲಿಲ್ಲ. ತಮ್ಮ ರತನ್ ಅವರಿಗೂ ಇರಲಿಲ್ಲ. ರತನ್ ತೀರಿಕೊಂಡ ಮೇಲೆ ಮನೆಯ ಮಗನಾಗಿ ಬೆಳೆದವರು ನವಲ್ ಟಾಟಾ. ಅಪ್ಪನನ್ನು ಕಳೆದುಕೊಂಡು ಪಾರ್ಸಿ ಅನಾಥಾಲಯದಲ್ಲಿದ್ದ ಹುಡುಗನನ್ನು ರತನ್ ಅವರ ಪತ್ನಿ ನವಾಜ್‌ಬಾಯಿ ದತ್ತು ತೆಗೆದುಕೊಂಡಿದ್ದರು. ಆ ನವಲ್ ಮುಂದೆ 1951ರಲ್ಲಿ ಡಾ. ಜುಸ್ಸಾವಾಲಾ ಅವರೊಂದಿಗೆ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಕಟ್ಟಿದರು. ಇನ್ನೊಂದು ಉದಾಹರಣೆ ನಮ್ಮ ತುಮಕೂರಿನ ರಾಜಾ ರಾಮಣ್ಣ. ಜೆಮ್‌ಶೆಟ್‌ಜಿ 1892ರಲ್ಲಿ ಆರಂಭಿಸಿದ್ದ ವಿದ್ಯಾರ್ಥಿ ನಿಧಿಯ ನೆರವಿನಿಂದ ಲಂಡನ್ನಿನಲ್ಲಿ ಓದಿದ ಅವರು ಮುಂದೆ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಪಡೆದವರೂ ಈ ವಂಶವೃಕ್ಷದ ಕೊಂಬೆಗಳೇ.

ನಮ್ಮವರ ರಾತ್ರಿ ಶಾಲೆ

ಇದೆಲ್ಲ ಕೋಟ್ಯಧೀಶರ ಕಥೆ, ಇಎಂಐ ಕಟ್ಟುವ ನಮಗೇನು ಎನ್ನಬಹುದು. ಆದರೆ ಮುಂಬಯಿ ಕನ್ನಡಿಗರು ಇದೇ ಕೆಲಸವನ್ನು ಸಣ್ಣ ನೋಟುಗಳಲ್ಲಿ ಮಾಡಿದ್ದಾರೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗರು ರಾತ್ರಿ ಇಂಥ ಸಂಘಗಳ ಶಾಲೆಗಳಲ್ಲಿ ಓದಿದರು. ಓದಿ ಬ್ಯಾಂಕು, ಕಚೇರಿ ಸೇರಿದವರು, ಸ್ವಂತ ಹೋಟೆಲ್ ಇಟ್ಟವರು ಮರಳಿ ಅದೇ ಶಾಲೆಗೆ ಫೀಸು, ಪುಸ್ತಕ ಕೊಟ್ಟರು.

ಈ ಸರಪಳಿ ಈಗ ಸಡಿಲವಾಗುತ್ತಿದೆ. ನಾವು ಜಿಪುಣರಾಗಿದ್ದೇವೆ ಎಂದಲ್ಲ. ಹಿರಿಯರು 'ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು' ಎಂದು ಗುಟ್ಟಾಗಿ ಕೊಟ್ಟರು. ನಮ್ಮದು ತಿಂಗಳ 5ನೇ ತಾರೀಕು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ನಮಗೇ ಕಾಣುವುದಿಲ್ಲ. ಮಕ್ಕಳು ನೋಡುವುದು ಮನೆಗೆ ಬಂದಿಳಿಯುವ ಪಾರ್ಸೆಲ್‌ಗಳನ್ನು ಮಾತ್ರ. ಕೊಡುವುದನ್ನು ಒಮ್ಮೆಯೂ ನೋಡದ ಮಗು ಅದನ್ನು ಯಾರಿಂದ ಕಲಿಯಬೇಕು?

ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಒಂದು ಪದ್ಧತಿ ಇದೆ. ದೀಪಾವಳಿಗೆ ಮುಂಚಿನ ಭಾನುವಾರ, ವರ್ಷಕ್ಕೆಂದು ತೆಗೆದಿಟ್ಟ ಹಣವನ್ನು ಮೂರು ಪಾಲು ಮಾಡುತ್ತೇವೆ. ಅಮ್ಮನಿಗೊಂದು, ನಮ್ಮಿಬ್ಬರಿಗೊಂದು, ಮಗಳಿಗೊಂದು. ಯಾರ ಪಾಲು ಎಲ್ಲಿಗೆ ಎಂದು ಅವರವರೇ ತೀರ್ಮಾನಿಸಬೇಕು, ಕಾರಣವನ್ನು ಎಲ್ಲರೆದುರು ಹೇಳಬೇಕು. ಅಮ್ಮನ ಪಾಲು ಊರ ದೇವಸ್ಥಾನದ ಅನ್ನದಾನಕ್ಕೆ, ನಮ್ಮದು ಕ್ಯಾನ್ಸರ್ ರೋಗಿಗಳಿಗೆ. ಮಗಳು ಬೀದಿನಾಯಿಗಳಿಗೆ ಎಂದಳು. "ಮನುಷ್ಯರೇ ಫುಟ್‌ಪಾತಿನಲ್ಲಿ ಮಲಗಿರುವಾಗ ನಾಯಿಗಾ?" ಎಂದು ಅಮ್ಮನಿಗೆ ಸಿಟ್ಟು ಬಂತು. ಮಗಳೂ ಸುಮ್ಮನಿರಲಿಲ್ಲ, "ದೇವರಿಗೆ ಹಸಿವಾಗುತ್ತಾ ಅಜ್ಜಿ?" ಎಂದು ಕೇಳಿಬಿಟ್ಟಳು.

ಆ ದಿನ ಅಮ್ಮ ಹೇಳಿದ ಕಥೆ ನನಗೂ ಹೊಸದು. ನಾನು ಹುಟ್ಟುವ ಮುಂಚೆ ಅಜ್ಜನನ್ನು ಚಿಕಿತ್ಸೆಗೆ ಪರೇಲ್‌ಗೆ ಕರೆತಂದಿದ್ದರಂತೆ. ಉಳಿಯಲು ಜಾಗವಿರಲಿಲ್ಲ. ನಮ್ಮ ಕಡೆಯ ಒಬ್ಬ ಹೋಟೆಲಿನವರು ಹಿಂದಿನ ಕೋಣೆ ಬಿಟ್ಟುಕೊಟ್ಟು ಎರಡು ತಿಂಗಳು ಊಟ ಹಾಕಿದರು, ಒಂದು ಪೈಸೆ ಮುಟ್ಟಲಿಲ್ಲ. ಅಜ್ಜ ಉಳಿಯಲಿಲ್ಲ. ಆ ಊಟದ ಋಣಕ್ಕೆ ಅಮ್ಮ ಪ್ರತಿವರ್ಷ ಅನ್ನದಾನಕ್ಕೆ ಹಣ ಕಳಿಸುತ್ತಾ ಬಂದಿದ್ದರು. ಮಗಳು ಮತ್ತೆ ದೇವರ ಹಸಿವಿನ ಮಾತೆತ್ತಲಿಲ್ಲ. ಅವಳ ಪಾಲು ಮಾತ್ರ ನಾಯಿಗಳಿಗೇ ಹೋಯಿತು, ಅಮ್ಮನೇ ಅವಳ ಕೈ ಹಿಡಿದು ಪ್ರಾಣಿ ಆಸ್ಪತ್ರೆಗೆ ಹೋಗಿ ಬಂದರು.

ನಮ್ಮ ಮನೆಗಳಲ್ಲಿ ಕೊಟ್ಟ ಕಥೆಯಾದರೂ ಅಪರೂಪಕ್ಕೆ ಬರುತ್ತದೆ, ಪಡೆದ ಕಥೆಯನ್ನು ಸಂಕೋಚದಿಂದ ಮುಚ್ಚಿಡುತ್ತೇವೆ. ಮಕ್ಕಳ ಮನಸ್ಸಿಗೆ ನಾಟುವುದು ಎರಡನೆಯದೇ.

ಎಲ್ಲಿಂದ ಶುರುಮಾಡುವುದು?

ಮೊತ್ತ ಮುಖ್ಯವಲ್ಲ. ಮಗುವಿಗೆ ತನ್ನದೇ ತೀರ್ಮಾನ ಇರಬೇಕು, ಅದು ನಮಗೆ ಒಪ್ಪಿಗೆಯಾಗದಿದ್ದರೂ. ವಾಡಿಯಾ ಮಕ್ಕಳೂ ಅಮ್ಮನ ದಾರಿಗೆ ತಮ್ಮದೊಂದು ದಾರಿ ಸೇರಿಸಿದವರೇ. ಕೊಟ್ಟ ಜಾಗಕ್ಕೆ ವರ್ಷಕ್ಕೊಮ್ಮೆ ಮೂರು ತಲೆಮಾರೂ ಹೋಗಿ ಬನ್ನಿ. ಚಿಕಿತ್ಸೆಗೆ ಬಂದ ಮಕ್ಕಳಿಗೂ ಅವರ ಹೆತ್ತವರಿಗೂ ಉಚಿತ ವಸತಿ ಕೊಡುವ ಸೇಂಟ್ ಜೂಡ್ ಕೇಂದ್ರಗಳು 2006ರಿಂದ ಮುಂಬಯಿಯಲ್ಲಿವೆ. ದಾದರ್‌ನ ಗಾಡಗೆ ಮಹಾರಾಜ್ ಧರ್ಮಶಾಲೆಯಲ್ಲೂ ರೋಗಿಗಳು ಉಳಿಯುತ್ತಾರೆ. ಭೇಟಿಗೆ ಮುಂಚೆ ಕೇಳಿಕೊಂಡು ಹೋಗಿ. ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ, ಅವರ ಫೋಟೋ ಬೇಡವೇ ಬೇಡ.

18 ದಾಟಿದವರು ಪ್ಲೇಟ್‌ಲೆಟ್ ಕೊಡಬಹುದು. ಅದನ್ನು ಸಾಮಾನ್ಯವಾಗಿ 5 ದಿನವಷ್ಟೇ ಇಡಲು ಸಾಧ್ಯ, ಹಾಗಾಗಿ ಕ್ಯಾನ್ಸರ್ ಆಸ್ಪತ್ರೆಗಳಿಗೆ ದಾನಿಗಳು ಸದಾ ಬೇಕು. ನಿವೃತ್ತರಲ್ಲಿ ಸಮಯವಿದೆ, ಭಾಷೆಯಿದೆ. ಹಿಂದಿ ಬಾರದ ಊರಿನವರ ಜೊತೆ ಒಂದು ದಿನ ಒಪಿಡಿಯಲ್ಲಿ ಕೂತರೆ ಅದು ಚೆಕ್ಕಿಗಿಂತ ಕಡಿಮೆಯೇನಲ್ಲ. ಲೆಕ್ಕಪತ್ರ, ಸಂಸ್ಥೆಯ ನೋಂದಣಿ ಪರಿಶೀಲಿಸುವುದು ನಮ್ಮ ವಯಸ್ಸಿನವರ ಪಾಲು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ದಾನದ ವಿನಾಯಿತಿ ಸಿಗುವುದಿಲ್ಲ ಎಂಬುದೂ ನೆನಪಿರಲಿ, ಅದಕ್ಕಾಗಿ ಕೈ ಬಿಗಿ ಹಿಡಿಯಬೇಕಿಲ್ಲ.

ಜೆಮ್‌ಶೆಟ್‌ಜಿ ಬೆಂಗಳೂರಿನ ಸಂಸ್ಥೆಯನ್ನು ನೋಡಲಿಲ್ಲ, ದೊರಾಬ್‌ಜಿ ಪರೇಲ್‌ನ ಆಸ್ಪತ್ರೆಯನ್ನು ನೋಡಲಿಲ್ಲ. ಇಬ್ಬರೂ ಮುಂದಿನವರ ಕೈಗೆ ಹಣದ ಜೊತೆ ಅರ್ಧಕ್ಕೆ ನಿಂತ ಒಂದು ಕೆಲಸವನ್ನು ಇಟ್ಟುಹೋದರು. ಫ್ಲ್ಯಾಟು, ಷೇರುಗಳಿಗೆಲ್ಲ ನಾವು ನಾಮಿನಿ ಬರೆದಿಟ್ಟಿದ್ದೇವೆ. ಮನೆಯಲ್ಲಿ ನಡೆದುಬಂದ ಒಂದು ಒಳ್ಳೆಯ ಕೆಲಸಕ್ಕೂ ನಾಮಿನಿ ಯಾರು ಎಂದು ಈ ಹಬ್ಬದಲ್ಲಿ ಎಲ್ಲರೂ ಕೂತು ಮಾತಾಡಬಹುದಲ್ಲ?