ಆಲ್ಪ್ಸ್ ಇಳಿಜಾರಿನ ಸೈಕಲ್ ಪ್ರವಾಸ: ಪೀಣ್ಯ, ವೈಟ್‌ಫೀಲ್ಡ್ ಉದ್ಯಮಿಗಳು ತಿಳಿಯಬೇಕಾದ ಲೆಕ್ಕಾಚಾರ

ಪ್ರವಾಸೋದ್ಯಮವೆಂದರೆ ಹೋಟೆಲು, ಬಸ್ಸು ಮತ್ತು ಟಿಕೆಟ್ಟುಗಳ ವ್ಯವಹಾರವೆಂಬ ಭಾವನೆ ತಯಾರಿಕಾ ಘಟಕಗಳ ಮಾಲೀಕರಲ್ಲಿ ಸಾಮಾನ್ಯವಾಗಿದೆ. ಆದರೆ ಸಾಹಸ ಪ್ರವಾಸದ ಕೆಲವು ಶಾಖೆಗಳು ಯಂತ್ರಭಾಗಗಳ ಮೇಲೆಯೇ ನಿಂತಿವೆ. ಬೇಸಿಗೆಯಲ್ಲಿ ಆಲ್ಪ್ಸ್ ಪರ್ವತಗಳಲ್ಲಿ ಮಾರ್ಗದರ್ಶಕರೊಡನೆ ನಡೆಯುವ ‘ಎಂಡ್ಯುರೊ’ ಸೈಕಲ್ ಪ್ರವಾಸ ಅಂತಹ ಒಂದು ಶಾಖೆ. ಬೆಂಗಳೂರಿನ ಹೊರವಲಯದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಈ ವ್ಯವಹಾರದಿಂದ ಕಲಿಯಬೇಕಾದ ಪಾಠಗಳಿವೆ. ಅರಿಯದೆ ಕೈಹಾಕಿದರೆ ಬಂಡವಾಳಕ್ಕೂ ಗ್ರಾಹಕರ ಪ್ರಾಣಕ್ಕೂ ಅಪಾಯವಿದೆ. ಆದುದರಿಂದ ಇದರ ಸ್ವರೂಪವನ್ನು ಮೊದಲು ತಿಳಿಯುವುದು ಅಗತ್ಯ.

ಎಂಡ್ಯುರೊ ಎಂದರೇನು?

ಪರ್ವತ ಸೈಕಲ್ ಸ್ಪರ್ಧೆಗಳಲ್ಲಿ ಹಲವು ಬಗೆಗಳಿವೆ. ಎಂಡ್ಯುರೊ ಪದ್ಧತಿಯಲ್ಲಿ ಏರುಹಾದಿಯ ವೇಗವನ್ನು ಅಳೆಯುವುದಿಲ್ಲ. ಸವಾರನು ನಿಗದಿತ ಅವಧಿಯೊಳಗೆ ಮೇಲೇರಿದರೆ ಸಾಕು. ಗೊತ್ತುಪಡಿಸಿದ ಇಳಿಜಾರುಗಳಲ್ಲಿ ತೆಗೆದುಕೊಂಡ ಕಾಲವನ್ನು ಮಾತ್ರ ಕೂಡಿ ಫಲಿತಾಂಶ ನಿರ್ಣಯಿಸಲಾಗುತ್ತದೆ. ಈ ಪದ್ಧತಿಗೆ 2013ರಲ್ಲಿ ವಿಶ್ವಸರಣಿ ಆರಂಭವಾಯಿತು. 2023ರಿಂದ ಅದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ವಿಶ್ವಕಪ್ ವ್ಯವಸ್ಥೆಯೊಳಗೆ ಸೇರಿದೆ.

ಪ್ರವಾಸಿಗರಿಗೆ ಸ್ಪರ್ಧೆ ಇರುವುದಿಲ್ಲ. ಆರೆಂಟು ಮಂದಿಯ ತಂಡವನ್ನು ಮಾರ್ಗದರ್ಶಕನೊಬ್ಬನು ಕೇಬಲ್ ಕಾರು, ಕುರ್ಚಿ ಲಿಫ್ಟು ಅಥವಾ ವ್ಯಾನಿನಲ್ಲಿ ಎತ್ತರಕ್ಕೆ ಕರೆದೊಯ್ಯುತ್ತಾನೆ. ಅಲ್ಲಿಂದ ಬೇರು, ಬಂಡೆ ಮತ್ತು ತಿರುವುಗಳಿಂದ ಕೂಡಿದ ಕಿರುದಾರಿಯಲ್ಲಿ ಸವಾರರು ಕಣಿವೆಗೆ ಇಳಿಯುತ್ತಾರೆ. ಸೈಕಲ್ ಉದ್ಯಾನಗಳಲ್ಲಿ ದಾರಿಗಳ ಕಠಿಣತೆಯನ್ನು ಹಸಿರು, ನೀಲಿ, ಕೆಂಪು ಮತ್ತು ಕಪ್ಪು ಬಣ್ಣಗಳಿಂದ ಗುರುತಿಸಿರುತ್ತಾರೆ. ಗ್ರಾಹಕನ ಸಾಮರ್ಥ್ಯಕ್ಕೆ ಯಾವ ಬಣ್ಣ ಹೊಂದುತ್ತದೆಂದು ಮೊದಲ ದಿನವೇ ನಿರ್ಧರಿಸುವುದು ಮಾರ್ಗದರ್ಶಕನ ಮುಖ್ಯ ಕೆಲಸ. ಗ್ರಾಹಕನು ಹಣ ತೆರುವುದು ಈ ತೀರ್ಮಾನಕ್ಕೇ ಹೊರತು ದಾರಿ ತೋರಿಸುವುದಕ್ಕೆ ಮಾತ್ರವಲ್ಲ.

ನಿಂತ ಯಂತ್ರಕ್ಕೆ ಬೇಸಿಗೆಯ ಕೆಲಸ

ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಪೋರ್ಟ್ ದು ಸೊಲೇ ಪ್ರದೇಶವನ್ನು ಉದಾಹರಣೆಯಾಗಿ ನೋಡಬಹುದು. ಅಲ್ಲಿನ ಲಿಫ್ಟುಗಳನ್ನು ಕಟ್ಟಿದ್ದು ಚಳಿಗಾಲದ ಹಿಮ ಜಾರಾಟಕ್ಕಾಗಿ. ಹಿಮ ಕರಗಿದ ಮೇಲೆ ಆ ಯಂತ್ರಗಳು ನಿಂತರೂ ಸಾಲದ ಬಡ್ಡಿ, ಸವಕಳಿ, ಕಡ್ಡಾಯ ತಪಾಸಣೆಯ ವೆಚ್ಚ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಸೈಕಲ್ ಸವಾರರನ್ನು ಅವೇ ಲಿಫ್ಟುಗಳಲ್ಲಿ ಏರಿಸುವುದರಿಂದ ಈ ಸ್ಥಿರ ವೆಚ್ಚದ ಒಂದು ಪಾಲು ಮರಳಿ ಬರುತ್ತದೆ. ಊರಿನ ವಸತಿಗೃಹ, ಉಪಾಹಾರ ಗೃಹ ಮತ್ತು ರಿಪೇರಿ ಅಂಗಡಿಗಳಿಗೂ ಎರಡನೆಯ ಹಂಗಾಮು ದೊರೆಯುತ್ತದೆ. ಇದೇ ಪ್ರದೇಶದ ಲೆ ಜೇ ಎಂಬ ಊರಿನಲ್ಲಿ 2004 ಮತ್ತು 2022ರಲ್ಲಿ ಪರ್ವತ ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಪೀಣ್ಯದ ಮಾಲೀಕರಿಗೆ ಈ ಲೆಕ್ಕ ಹೊಸದಲ್ಲ. ಘಟಕವೊಂದರ ಸಿಎನ್‌ಸಿ ಯಂತ್ರದ ತಿಂಗಳ ಕಂತು 60,000 ರೂಪಾಯಿ ಎಂದು ಭಾವಿಸೋಣ. ಯಂತ್ರ 300 ಗಂಟೆ ಓಡಿದರೆ ಗಂಟೆಗೆ ಬೀಳುವ ಕಂತಿನ ಹೊರೆ 200 ರೂಪಾಯಿ. ವಾಹನ ಕ್ಷೇತ್ರದ ಆರ್ಡರು ಇಳಿದು ಯಂತ್ರ 150 ಗಂಟೆ ಮಾತ್ರ ಓಡಿದರೆ ಹೊರೆ 400 ರೂಪಾಯಿಗೆ ಏರುತ್ತದೆ. ಬೇರೆಡೆಯಿಂದ 50 ಗಂಟೆಯ ಸಣ್ಣ ಕೆಲಸ ದೊರೆತರೂ ಅದು 300ಕ್ಕೆ ಇಳಿಯುತ್ತದೆ. ಆಲ್ಪ್ಸ್‌ನ ಲಿಫ್ಟು ಮಾಲೀಕರು ಮಾಡಿರುವುದೂ ಇದನ್ನೇ. ಮುಖ್ಯ ವ್ಯವಹಾರವನ್ನು ಅವರು ಬಿಟ್ಟಿಲ್ಲ. ಖಾಲಿ ಅವಧಿಗೆ ಮಾತ್ರ ಹೊಸ ಗ್ರಾಹಕರನ್ನು ಹುಡುಕಿಕೊಂಡಿದ್ದಾರೆ.

ಕರ್ನಾಟಕದ ಸ್ಥಿತಿ

ಬೆಂಗಳೂರಿನಲ್ಲಿ ಹವ್ಯಾಸಿ ಸೈಕ್ಲಿಂಗ್ ಬೇರೂರಿದುದಕ್ಕೆ ಮಾಹಿತಿ ತಂತ್ರಜ್ಞಾನ ಕ್ಷೇತ್ರದ ನೌಕರರ ಆಸಕ್ತಿ ಬಹುಮಟ್ಟಿಗೆ ಕಾರಣ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಬಹುದಿನಗಳ ಸೈಕಲ್ ಪ್ರವಾಸವನ್ನು ಬೆಂಬಲ ವಾಹನ, ರಿಪೇರಿ ಮತ್ತು ವೈದ್ಯಕೀಯ ನೆರವಿನೊಡನೆ ನಡೆಸಬಹುದೆಂದು ತೋರಿಸಿಕೊಟ್ಟಿತು. ಅದು ಡಾಂಬರು ರಸ್ತೆಯ ಪ್ರವಾಸ. ಮಣ್ಣು ಹಾದಿಯ ಸವಾರಿಗೆ ಬೆಂಗಳೂರಿನ ಆಸಕ್ತರು ಕನಕಪುರ ರಸ್ತೆ ಸಮೀಪದ ತುರಹಳ್ಳಿ, ನಂದಿ ಬೆಟ್ಟದ ಸುತ್ತಲಿನ ಗ್ರಾಮಗಳು, ಕೊಡಗು ಮತ್ತು ಚಿಕ್ಕಮಗಳೂರುಗಳತ್ತ ಮುಖ ಮಾಡುತ್ತಾರೆ.

ಇಲ್ಲಿ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಮೊದಲನೆಯದು ಹವಾಮಾನ. ಆಲ್ಪ್ಸ್‌ನ ಹಂಗಾಮು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೇ ತಿಂಗಳುಗಳಲ್ಲಿ ಮಲೆನಾಡು ಮುಂಗಾರಿನಲ್ಲಿ ಮುಳುಗಿರುತ್ತದೆ. ಇಲ್ಲಿನ ಹದವಾದ ಕಾಲ ಅಕ್ಟೋಬರ್ ನಂತರದ್ದು. ಎರಡೂ ಹಂಗಾಮುಗಳು ಒಂದರ ಮೇಲೊಂದು ಬೀಳದಿರುವುದು ಪ್ರವಾಸ ಸಂಸ್ಥೆಗಳಿಗೂ ಬಿಡಿಭಾಗ ಪೂರೈಸುವವರಿಗೂ ಅನುಕೂಲಕರ.

ಎರಡನೆಯದು ಭೂಮಿಯ ಒಡೆತನ. ಕರ್ನಾಟಕದ ಬಹುತೇಕ ಆಕರ್ಷಕ ಇಳಿಜಾರುಗಳು ಅರಣ್ಯ ಇಲಾಖೆಗೆ ಸೇರಿವೆ. ಕರ್ನಾಟಕ ಅರಣ್ಯ ಕಾಯ್ದೆ, 1963 ಮತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ವ್ಯಾಪ್ತಿಯ ಪ್ರದೇಶಗಳಲ್ಲಿ ಅನುಮತಿಯಿಲ್ಲದ ಪ್ರವೇಶ ಶಿಕ್ಷಾರ್ಹವಾಗಬಹುದು. ಅನುಮತಿ ಇದ್ದರೂ ಅದು ಶಾಶ್ವತವಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ದಟ್ಟಣೆ ಉಂಟಾದ ಬಳಿಕ, ಆನ್‌ಲೈನ್ ನೋಂದಣಿ ವ್ಯವಸ್ಥೆಯಿಲ್ಲದ ಚಾರಣ ಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಒಂದೇ ಬೆಟ್ಟವನ್ನು ನಂಬಿದ ವ್ಯವಹಾರ ಒಂದು ಆದೇಶದಿಂದ ನಿಂತುಹೋಗಬಲ್ಲದು. ಆದುದರಿಂದ ಖಾಸಗಿ ಕಾಫಿ ತೋಟಗಳ ಒಳದಾರಿಗಳನ್ನು ಮಾಲೀಕರೊಡನೆ ಲಿಖಿತ ಒಪ್ಪಂದದ ಮೂಲಕ ಬಳಸುವುದು ಹೆಚ್ಚು ಭದ್ರವಾದ ಮಾರ್ಗ.

ವಿದೇಶಕ್ಕೆ ಕರೆದೊಯ್ಯುವವರು ನೆನಪಿಡಬೇಕಾದುದು

ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಗ್ರಾಹಕರನ್ನು ಆಲ್ಪ್ಸ್‌ಗೆ ಕರೆದೊಯ್ಯುವ ಪ್ರವಾಸ ಸಂಸ್ಥೆಗೆ ಹಲವು ಬಾಧ್ಯತೆಗಳಿವೆ. ಫ್ರಾನ್ಸ್‌ನಲ್ಲಿ ಹಣ ಪಡೆದು ಕ್ರೀಡಾ ತರಬೇತಿ ಅಥವಾ ಮಾರ್ಗದರ್ಶನ ನೀಡಲು ಅಲ್ಲಿನ ಸರ್ಕಾರ ಒಪ್ಪುವ ಅರ್ಹತೆ ಕಡ್ಡಾಯ. ಬೆಂಗಳೂರಿನ ಅನುಭವಿ ಸವಾರನೊಬ್ಬನು ತಂಡದ ಮುಂದೆ ನಡೆದರೆ ಸಾಲದು. ಸ್ಥಳೀಯ ಅರ್ಹ ಮಾರ್ಗದರ್ಶಕನೊಡನೆ ಕರಾರು ಇರಬೇಕು.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು. ಆದರೆ ವೀಸಾಕ್ಕೆ ಸಾಕಾಗುವ ವಿಮೆ ಸೈಕಲ್ ಇಳಿಜಾರಿಗೆ ಸಾಕೆಂದು ತಿಳಿಯಬಾರದು. ಅನೇಕ ಸಾಮಾನ್ಯ ಪಾಲಿಸಿಗಳು ಸಾಹಸ ಕ್ರೀಡೆಯ ಗಾಯಗಳನ್ನು ಹೊರಗಿಟ್ಟಿರುತ್ತವೆ. ಪರ್ವತದಿಂದ ಗಾಯಾಳುವನ್ನು ಹೆಲಿಕಾಪ್ಟರಿನಲ್ಲಿ ಇಳಿಸುವ ವೆಚ್ಚ ಒಳಗೊಂಡಿದೆಯೇ ಎಂಬುದನ್ನು ಪಾಲಿಸಿಯ ಷರತ್ತಿನಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು. ಗ್ರಾಹಕನಿಂದ ಬರೆಸಿಕೊಂಡ ‘ಸ್ವಂತ ಹೊಣೆ’ ಪತ್ರವು ಸಂಘಟಕನ ನಿರ್ಲಕ್ಷ್ಯಕ್ಕೆ ರಕ್ಷಾಕವಚವಾಗದು.

ವಿದೇಶಿ ಪ್ರವಾಸ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್‌ನಿಂದ ಮೂಲದಲ್ಲೇ ಆದಾಯ ತೆರಿಗೆ ಸಂಗ್ರಹಿಸುವ ನಿಯಮ ಜಾರಿಗೆ ಬಂದಿದೆ. ಇದರ ದರ ಹಲವು ಸಲ ಬದಲಾಗಿರುವುದರಿಂದ ಬೆಲೆ ಪ್ರಕಟಿಸುವ ಮುನ್ನ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಲೇಸು. ಭಾರತದೊಳಗಿನ ಪ್ರವಾಸಗಳಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನೆರವಿನಲ್ಲಿ 2018ರಲ್ಲಿ ಹೊರಬಂದ ಸಾಹಸ ಪ್ರವಾಸ ಮಾರ್ಗಸೂಚಿಗಳಿವೆ. ಸುರಕ್ಷತಾ ನಿರ್ವಹಣೆಗೆ ಐಎಸ್‌ಒ 21101 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ.

ಪೀಣ್ಯಕ್ಕೆ ಯಾವ ಕೆಲಸ?

ಸಂಪೂರ್ಣ ಸೈಕಲ್ ತಯಾರಿಕೆಯಲ್ಲಿ ಲೂಧಿಯಾನ ಮತ್ತು ಚೆನ್ನೈ ಬಹುಕಾಲದಿಂದ ಮುಂದಿವೆ. ಅವುಗಳೊಡನೆ ಪೈಪೋಟಿ ಸುಲಭವಲ್ಲ. ನಿಖರ ಯಂತ್ರಗಾರಿಕೆ ಬೇಡುವ ಬಿಡಿಭಾಗಗಳಲ್ಲಿ ಅವಕಾಶವಿದೆ. ಇದಕ್ಕೆ ಒಳ್ಳೆಯ ಉದಾಹರಣೆ ಹಿಂಬದಿಯ ಗೇರು ಯಂತ್ರವನ್ನು ಚೌಕಟ್ಟಿಗೆ ಹಿಡಿದಿಡುವ ‘ಹ್ಯಾಂಗರ್’ ಎಂಬ ಸಣ್ಣ ಅಲ್ಯೂಮಿನಿಯಂ ತುಂಡು. ಬಂಡೆಗೆ ಪೆಟ್ಟು ತಗುಲಿದಾಗ ಬೆಲೆಬಾಳುವ ಚೌಕಟ್ಟು ಉಳಿಯಲೆಂದು ಮೊದಲು ಬಾಗುವ ಅಥವಾ ಮುರಿಯುವ ಹಾಗೆಯೇ ಇದನ್ನು ರೂಪಿಸಿರುತ್ತಾರೆ. ಚೌಕಟ್ಟಿನ ಮಾದರಿಗೊಂದರಂತೆ ನೂರಾರು ಆಕಾರಗಳಿವೆ. 2019ರಲ್ಲಿ ಅದಕ್ಕೆಂದೇ ರೂಪಿಸಿದ ಚೌಕಟ್ಟುಗಳಿಗೆಲ್ಲ ಹೊಂದಬಲ್ಲ ಒಂದೇ ಮಾನಕ ವಿನ್ಯಾಸವೂ ಬಂದಿದ್ದು, ಹೊಸ ಸೈಕಲ್‌ಗಳಲ್ಲಿ ಅದು ಹರಡುತ್ತಿದೆ. ಆದರೂ ಹಳೆಯ ಸೈಕಲ್‌ಗಳಿಗೆ ಹಳೆಯ ಆಕಾರಗಳೇ ಬೇಕು. ಪ್ರವಾಸದ ನಡುವೆ ಇದು ಮುರಿದು ಬದಲಿ ಸಿಗದಿದ್ದರೆ ಗ್ರಾಹಕನ ಆ ದಿನ ವ್ಯರ್ಥ. ಹಲವು ಆಕಾರ, ಸಣ್ಣ ಸಂಖ್ಯೆ, ಶೀಘ್ರ ಪೂರೈಕೆ ಎಂಬ ಬೇಡಿಕೆಯನ್ನು ದೊಡ್ಡ ಕಾರ್ಖಾನೆಗಿಂತ ಸಣ್ಣ ಘಟಕ ಚೆನ್ನಾಗಿ ನಿಭಾಯಿಸಬಲ್ಲದು. ವಿನ್ಯಾಸದ ಹಕ್ಕು ಯಾರದೆಂದು ಪರಿಶೀಲಿಸಿಯೇ ಕೆಲಸ ಆರಂಭಿಸಬೇಕು.

ಹ್ಯಾಂಡಲ್ ಬಾರ್, ಸ್ಟೆಮ್, ಬ್ರೇಕ್ ಲಿವರ್‌ಗಳ ವಿಷಯ ಬೇರೆ. ಇವು ಮುರಿದರೆ ಹೋಗುವುದು ಜೀವ. ಐಎಸ್‌ಒ 4210 ಮಾನಕದ ಬಳಲಿಕೆ ಮತ್ತು ಆಘಾತ ಪರೀಕ್ಷೆಗಳಿಲ್ಲದೆ ಇವುಗಳನ್ನು ಮಾರುಕಟ್ಟೆಗೆ ಬಿಡುವುದು ಅಕ್ಷಮ್ಯ. ರಫ್ತಿನ ವಿಷಯದಲ್ಲಿ ಹೊಣೆ ಇನ್ನೂ ಹೆಚ್ಚು. ಐರೋಪ್ಯ ಒಕ್ಕೂಟದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮ 2024ರ ಡಿಸೆಂಬರ್ 13ರಿಂದ ಅನ್ವಯವಾಗಿದ್ದು, ಅದರ ವ್ಯಾಪ್ತಿಯ ಸರಕಿಗೆ ಒಕ್ಕೂಟದೊಳಗೆ ಜವಾಬ್ದಾರಿ ಹೊರುವ ಪ್ರತಿನಿಧಿ ಇರಬೇಕು. ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕನ ತಪ್ಪನ್ನು ಸಾಬೀತುಪಡಿಸದೆಯೂ ಪರಿಹಾರ ಕೇಳಬಹುದೆಂಬ ತತ್ತ್ವ ಅಲ್ಲಿ 1985ರಿಂದಲೇ ಇದೆ.

ತೆರಿಗೆಯ ಒಂದು ಸೂಕ್ಷ್ಮವೂ ಇದೆ. ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಅಲ್ಯೂಮಿನಿಯಂ ಸರಳಿಗೆ ಶೇಕಡಾ 18 ತೆತ್ತು, ಸಿದ್ಧವಸ್ತುವನ್ನು ಶೇಕಡಾ 5ರ ದರದಲ್ಲಿ ಮಾರುವ ಘಟಕದ ಖಾತೆಯಲ್ಲಿ ತೆರಿಗೆ ಜಮೆ ಬೆಳೆಯುತ್ತ ಹೋಗಿ ದುಡಿಯುವ ಬಂಡವಾಳ ಸಿಕ್ಕಿಬೀಳಬಹುದು. ಒಳಸಾಮಗ್ರಿಯ ಮೇಲಿನ ಈ ಹೆಚ್ಚುವರಿ ಜಮೆಗೆ ಮರುಪಾವತಿ ಕೋರಲು ಅವಕಾಶವಿದೆ; ಯಂತ್ರಗಳ ಮೇಲೆ ತೆತ್ತ ತೆರಿಗೆಗೆ ಆ ಸೌಲಭ್ಯವಿಲ್ಲ. ಬೆಲೆ ನಿಗದಿ ಮಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಒಟ್ಟಿನಲ್ಲಿ, ಇದು ಹೇರಳ ಲಾಭದ ಭರವಸೆ ನೀಡುವ ಕ್ಷೇತ್ರವಲ್ಲ. ಮುಖ್ಯ ವ್ಯವಹಾರಕ್ಕೆ ಪರ್ಯಾಯವೂ ಅಲ್ಲ. ಖಾಲಿ ನಿಂತ ಯಂತ್ರದ ಗಂಟೆಗಳನ್ನು ಬಳಸಲು ಬಯಸುವ ಪೀಣ್ಯದ ಘಟಕಕ್ಕೂ, ಬಿಡಿಭಾಗ ಮತ್ತು ಸುರಕ್ಷಾ ಸಾಧನಗಳನ್ನು ಮಾರುವ ವೈಟ್‌ಫೀಲ್ಡ್‌ನ ವರ್ತಕನಿಗೂ ಇದು ಒಂದು ಪೂರಕ ದಾರಿ. ಒಂದು ರಿಪೇರಿ ಅಂಗಡಿಯವರನ್ನೂ ಒಂದು ಪ್ರವಾಸ ಸಂಸ್ಥೆಯನ್ನೂ ಕಂಡು, ಯಾವ ಭಾಗ ಎಷ್ಟು ಬಾರಿ ಮುರಿಯುತ್ತದೆ, ಬದಲಿ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಬಂಡವಾಳ ಹೂಡುವ ಪ್ರಶ್ನೆ ಏಳಬೇಕಾದುದು ಆ ಪಟ್ಟಿ ಕೈಗೆ ಬಂದ ನಂತರವೇ.